ಪಾದ್ರಿಯ ಬಂಗಲೆ ಅರಸರ ಮನೆಯಾದ ಕಥೆ

ಮಂತ್ರಾಲಯಕ್ಕೆ ಹೋಗಿಬಂದವರಿಗೆ ಮನ್ರೋ ಸಾಹೇಬನ ಕಥೆ ತಿಳಿಯದಿರುವುದಿಲ್ಲ. ಮಠದ ಉಂಬಳಿ ಜಮೀನನ್ನು ಸರಕಾರಕ್ಕೆ ಸೇರಿಸಿಕೊಳ್ಳುವ ವಿಚಾರಣೆಗೆಂದು ಮಂಚಾಲೆಗೆ ಬಂದ ಕಲೆಕ್ಟರ್ ಥಾಮಸ್ ಮನ್ರೋ ಬಾಗಿಲಲ್ಲಿ ಟೋಪಿ ತೆಗೆದ, ಬೂಟು ಕಳಚಿದ, ಬರಿಗಾಲಲ್ಲಿ ಒಳಗೆ ಹೋಗಿ ವೃಂದಾವನದ ಎದುರು ನಿಂತ. ಇತರರ ಕಣ್ಣಿಗೆ ಕಾಣದ ಶ್ರೀ ರಾಘವೇಂದ್ರ ಸ್ವಾಮಿಗಳೊಡನೆ ಮಾತಾಡಿ ಹಿಂತಿರುಗಿದ. ಉಂಬಳಿ ಮಠಕ್ಕೇ ಉಳಿಯಿತು ಎಂದು ಸಂಪ್ರದಾಯ ಹೇಳುತ್ತದೆ. ನಂಬಿಕೆಯ ಮಾತು ನಂಬಿದವರಿಗೆ ಇರಲಿ. ಈ ಕಥೆಯಲ್ಲಿ ನಮ್ಮ ಮನಸ್ಸು ಹಿಡಿಯುವುದು ಹೊಸ್ತಿಲಿನ ಆ ಒಂದು ಗಳಿಗೆ. ಪರದೇಶದ ಅಧಿಕಾರಿಯೊಬ್ಬ ನಮ್ಮ ಕಟ್ಟಡವೊಂದನ್ನು ಹೊಗುವಾಗ ಅದರ ರೀತಿಗೆ ತಲೆಬಾಗಿದ.

ಈ ಮನ್ರೋ ನಮ್ಮವರಿಗೆ ಅಪರಿಚಿತನೇನಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಕೆನರಾ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಬಂದವನು ಅವನೇ. ಅಂದು ಬೇಕಲ ತಾಲೂಕೆನಿಸಿದ್ದ ನಮ್ಮ ಸೀಮೆಯೂ ಅವನ ಆಡಳಿತಕ್ಕೆ ಸೇರಿತ್ತು. ಕರಾವಳಿಯ ಬಿಡದ ಮಳೆ ಅವನಿಗೆ ಒಗ್ಗಲಿಲ್ಲ. 1800ರಲ್ಲಿ ನಿಜಾಮನು ಬಳ್ಳಾರಿ, ಆದವಾನಿ, ಕಡಪ ಮುಂತಾದ ಸೀಮೆಗಳನ್ನು ಕಂಪೆನಿಗೆ ಬಿಟ್ಟುಕೊಟ್ಟಾಗ ಮನ್ರೋ ಆ ದತ್ತಮಂಡಲಕ್ಕೆ ಹೋಗಿ 1807ರ ತನಕ ಅಲ್ಲಿದ್ದ. ಆ ವರ್ಷಗಳ ಬಹುಭಾಗವನ್ನು ಅವನು ಕಳೆದದ್ದು ಡೇರೆಗಳಲ್ಲಿ. ಊರಿಂದೂರಿಗೆ ಹೋಗುವುದು, ತೋಪಿನ ನೆರಳಲ್ಲಿ ಡೇರೆ ಹೂಡುವುದು, ರೈತರನ್ನು ಕರೆಸಿ ಕಂದಾಯ ನಿಷ್ಕರ್ಷೆ ಮಾಡುವುದು. ಮುಂದೆ ಮದರಾಸಿನ ಗವರ್ನರಾಗಿ 1827ರ ಜುಲಾಯಿಯಲ್ಲಿ ಅದೇ ಸೀಮೆಯ ಪತ್ತಿಕೊಂಡದಲ್ಲಿ ವಾಂತಿಭೇದಿಗೆ ತುತ್ತಾದಾಗಲೂ ಅವನು ಸಂಚಾರದಲ್ಲೇ ಇದ್ದ. (ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಅಂದು ಆಂಧ್ರಕ್ಕೆ ಸೇರಿದವೆಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ.)

ಡೇರೆಯಲ್ಲಿ ಬಾಳಿದವನ ಮನೆ ಉಳಿಯುವುದಿಲ್ಲ. ಅವನ ಹಿಂದಿನಿಂದ ಬಂದ ಇಂಗ್ಲಿಷರು ಮಾತ್ರ ನೆಲೆಯಾಗಿ ಕೂತು ಬಂಗಲೆಗಳನ್ನು ಕಟ್ಟಿಸಿದರು. ಕಲೆಕ್ಟರು, ಇಂಜಿನಿಯರು, ದಂಡಿನ ಅಧಿಕಾರಿ, ಕಾಫಿ ತೋಟದ ದೊರೆ, ಪಾದ್ರಿ ಎಲ್ಲರಿಗೂ ಒಂದೊಂದು ಬಂಗಲೆ. ಅವರು ಹೋದ ಮೇಲೆ ಕೆಲವು ಕಚೇರಿಗಳಾದವು, ಕೆಲವು ಶಾಲೆಗಳಾದವು, ಹಲವು ನೆಲಸಮವಾದವು. ಕೆಲವನ್ನು ನಮ್ಮ ಜನ ಕೊಂಡು ಒಕ್ಕಲಾದರು. ಮನ್ರೋವಿನ ಕಥೆಯನ್ನು ತಿರುಗಿಸಿ ಹಿಡಿದಂತೆ, ಇಲ್ಲಿ ನಮ್ಮವರು ಇಂಗ್ಲಿಷನ ಹೊಸ್ತಿಲು ದಾಟಿದರು. ದಾಟಿದವರು ಏನನ್ನು ಉಳಿಸಿಕೊಂಡರು, ಏನನ್ನು ಬದಲಿಸಿದರು? ಇದಕ್ಕೆ ಕನ್ನಡನಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಬೆಂಗಳೂರಿನ ಅರಮನೆ. ಮಂತ್ರಾಲಯದಿಂದ ಬೆಂಗಳೂರು ಮಾರ್ಗವಾಗಿ ಹಿಂತಿರುಗುವ ನಮ್ಮ ಯಾತ್ರಿಕರು ಒಂದು ಹಗಲು ಬಿಡುವು ಮಾಡಿಕೊಂಡರೆ ಅದನ್ನು ಕಣ್ಣಾರೆ ನೋಡಬಹುದು.

ಬಂಗಲೆಯೆಂಬ ಕಲಬೆರಕೆ

ಅರಮನೆಯ ಬಾಗಿಲಿಗೆ ಹೋಗುವ ಮೊದಲು ಬಂಗಲೆಯೆಂದರೇನು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ‘ಇಂಗ್ಲಿಷರ ಮನೆ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಬಂಗಲೆ ಎಂಬ ಹೆಸರೇ ಬಂಗಾಳದ್ದು. ಬಂಗಾಳದ ಹಳ್ಳಿಗಾಡಿನ ಇಳಿಮಾಡಿನ ಗುಡಿಸಲನ್ನು ಕಂಡು, ಸೆಕೆಯ ನಾಡಿನಲ್ಲಿ ಅದೇ ಲೇಸೆಂದು ಕಂಪೆನಿಯ ವ್ಯಾಪಾರಿಗಳು ಅದರ ಮಾದರಿಯಲ್ಲಿ ಮನೆ ಕಟ್ಟಿಕೊಂಡರು. ‘ವರಾಂಡ’ ಎಂಬ ಮಾತೂ ಅವರು ಇಂಗ್ಲೆಂಡಿನಿಂದ ಹೊತ್ತು ತಂದದ್ದಲ್ಲ. ಇಲ್ಲಿಯೇ ಅವರ ಬಾಯಿಗೆ ಹತ್ತಿದ್ದು. ನಮ್ಮ ಜಗಲಿಗೆ ಅವರು ಕಂಬ ನಿಲ್ಲಿಸಿ, ಬೆತ್ತದ ಕುರ್ಚಿ ಹಾಕಿ ಕೂತರು, ಅಷ್ಟೆ.

ಮನೆಯ ಮೈಯೂ ಹಾಗೆಯೇ. ಗೋಡೆಗೆ ಸುಣ್ಣದ ಗಾರೆ. ಅದನ್ನು ಹದಮಾಡಲು ಬೆಲ್ಲ, ಅಳಲೆಕಾಯಿಯ ನೀರು ಹಾಕುವುದು ಈ ನಾಡಿನ ಗಾರೆಯವರ ವಿದ್ಯೆ. ಮಾಳಿಗೆ ‘ಮದರಾಸ್ ಟೆರೇಸ್’ ಆದರೆ, ತೇಗದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದಲ್ಲಿ ಕಚ್ಚಿಸಿ, ಮೇಲೆ ಇಟ್ಟಿಗೆಚೂರಿನ ಗಾರೆ ಹಾಸಿ ಕುಟ್ಟಿ ಗಟ್ಟಿ ಮಾಡುತ್ತಿದ್ದರು. ಇಳಿಮಾಡಾದರೆ ನಮ್ಮ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ದಂಡೆಯ ಆವೆಮಣ್ಣು ಘಟ್ಟ ಹತ್ತಿ, ಕಡಲು ದಾಟಿ ಎಷ್ಟೋ ದೊರೆಗಳ ತಲೆಯ ಮೇಲೆ ನೆರಳಾಯಿತು. ಬೆಂಗಳೂರಿನ ದಂಡಿನ ಪ್ರದೇಶದ ಬಂಗಲೆಗಳಿಗೆ ಇನ್ನೊಂದು ಗುರುತಿತ್ತು: ಕಿಟಕಿ ಮತ್ತು ಮುಖಮಂಟಪಗಳ ಮೇಲೆ ಚೂಪಾದ ಮರದ ಟೋಪಿ, ಅದರ ಕೆಳಗೆ ಸಣ್ಣ ಪಟ್ಟಿಗಳ ಜಾಲರಿ. ಬೆಂಗಳೂರಿಗರು ಅದನ್ನು ‘ಮಂಕಿ ಟಾಪ್’ ಎನ್ನುತ್ತಾರೆ. ಬಿಸಿಲಿನ ಝಳ ತಡೆದು ಗಾಳಿಯನ್ನು ಒಳಗೆ ಬಿಡುವ ಉಪಾಯ ಅದು.

ಹೀಗೆ ಎಲುಬು ನಮ್ಮದು, ಚರ್ಮ ನಮ್ಮದು. ಇಂಗ್ಲಿಷರದ್ದು ಒಳಗಿನ ಬದುಕಿನ ಕ್ರಮ. ಕೋಣೆಗೊಂದು ಕೆಲಸ: ಉಣ್ಣಲು ಬೇರೆ, ಕೂರಲು ಬೇರೆ, ಮಲಗಲು ಬೇರೆ. ಹೊಗೆ ಮತ್ತು ವಾಸನೆ ಬಾರದಂತೆ ಅಡುಗೆಮನೆ ಹಿತ್ತಲಲ್ಲಿ, ಮನೆಯಿಂದ ದೂರ. ಬಚ್ಚಲಿಗೆ ಹೊರಗಿನಿಂದ ಇನ್ನೊಂದು ಬಾಗಿಲು, ಚಾಕರಿಯವರು ಒಳಗೆ ಕಾಲಿಡದೆ ಬಂದು ಹೋಗಲು. ನಡುವೆ ಅಂಗಳವಿಲ್ಲ, ಮನೆಯ ಸುತ್ತ ತೋಟ. ದೇವರಕೋಣೆಯಿಲ್ಲ, ತುಳಸಿಕಟ್ಟೆಯಿಲ್ಲ. ನಮ್ಮ ಮನೆಯಲ್ಲಾದರೋ ಎಲ್ಲ ಬಾಗಿಲುಗಳೂ ಒಳಗಿನ ಅಂಗಳವನ್ನು ನೋಡುತ್ತವೆ. ಬಂಗಲೆಯಲ್ಲಿ ಎಲ್ಲ ಬಾಗಿಲುಗಳೂ ಹೊರಗಿನ ತೋಟವನ್ನು ನೋಡುತ್ತವೆ. ಎರಡು ಜನಾಂಗಗಳ ಬಾಳಿನ ವ್ಯತ್ಯಾಸ ಇಷ್ಟರಲ್ಲೇ ಇದೆಯೆಂದರೆ ತಪ್ಪಾಗಲಾರದು.

ಗ್ಯಾರೆಟ್ ಪಾದ್ರಿಯ ಮನೆ

ಈಗ ಬೆಂಗಳೂರಿಗೆ ಬರೋಣ. 1831ರಲ್ಲಿ ಮೈಸೂರಿನ ಆಡಳಿತವನ್ನು ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತೆಗೆದುಕೊಂಡರು; ಕಮಿಷನರ ಆಳ್ವಿಕೆ ಬೆಂಗಳೂರಿನಿಂದ ನಡೆಯಿತು. ಕಮಿಷನರಾಗಿದ್ದ ಮಾರ್ಕ್ ಕಬ್ಬನ್ 1840ರಿಂದ 42ರ ಹೊತ್ತಿಗೆ ತನಗೆಂದು ಕಟ್ಟಿಸಿಕೊಂಡ ಮನೆ ಅವನು ಹೋದ ಬಳಿಕ ಸರಕಾರದ ಸ್ವತ್ತಾಗಿ ಇಂದು ರಾಜಭವನವಾಗಿದೆ. ಅಲ್ಲಿ ಖಾಸಗಿ ಮನೆ ಸರಕಾರಿ ಮನೆಯಾಯಿತು. ನಾವು ಹೇಳಹೊರಟ ಮನೆಯ ಕಥೆ ಬೇರೆ. ಅದು ಒಬ್ಬ ಖಾಸಗಿಯವನಿಂದ ಇನ್ನೊಬ್ಬ ಖಾಸಗಿಯವನಿಗೆ ಹೋದದ್ದು. ಈ ಒಂದು ಮಾತಿನ ಮೇಲೆಯೇ ಮುಂದೆ ದೊಡ್ಡ ವ್ಯಾಜ್ಯ ನಡೆಯಿತು.

ಕಟ್ಟಿಸಲು ಹೊರಟವರು ರೆವರೆಂಡ್ ಜಾನ್ ಗ್ಯಾರೆಟ್. ವೆಸ್ಲಿಯನ್ ಮಿಶನ್ನಿನ ಪಾದ್ರಿಯಾಗಿ ಬಂದವರು. ಕನ್ನಡಿಗರು ಈ ಹೆಸರನ್ನು ನೆನಪಿಟ್ಟುಕೊಳ್ಳಲು ಬೇರೆ ಕಾರಣವೂ ಇದೆ. ಬೆಂಗಳೂರಿನ ವೆಸ್ಲಿಯನ್ ಮಿಶನ್ ಮುದ್ರಣಾಲಯದಿಂದ 1849ರಲ್ಲಿ ಅವರು ಭಗವದ್ಗೀತೆಯನ್ನು ಹೊರತಂದರು. ಮೂಲ ಸಂಸ್ಕೃತ, ಕನ್ನಡ, ಮತ್ತು ಚಾರ್ಲ್ಸ್ ವಿಲ್ಕಿನ್ಸ್ 1785ರಲ್ಲಿ ಮಾಡಿದ್ದ ಇಂಗ್ಲಿಷ್ ಅನುವಾದ ಮೂರೂ ಅಕ್ಕಪಕ್ಕದಲ್ಲಿ ಇದ್ದ ಪುಸ್ತಕವದು. ಪಾದ್ರಿಯೊಬ್ಬರು ಗೀತೆಯನ್ನು ಕನ್ನಡ ಅಚ್ಚಿಗೆ ಕೊಟ್ಟ ಸಂಗತಿ ಹಲವರಿಗೆ ಸೋಜಿಗವೆನಿಸೀತು. ಕರಾವಳಿಯಲ್ಲಿ ಮೋಗ್ಲಿಂಗ್, ಕಿಟೆಲರ ಕೆಲಸವನ್ನು ಬಲ್ಲ ನಮಗೆ ಅಷ್ಟೇನೂ ಸೋಜಿಗವಲ್ಲ. 1858ರಲ್ಲಿ ಆರಂಭವಾಗಿ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರಿನ ಹೈಸ್ಕೂಲಿಗೆ ಗ್ಯಾರೆಟರೇ ಮೊದಲ ಮುಖ್ಯಸ್ಥರು. ಬಳಿಕ ಮೈಸೂರು ಸೀಮೆಯ ವಿದ್ಯಾ ಇಲಾಖೆಯ ನಿರ್ದೇಶಕರೂ ಆದರು.

ಊರಿನ ಉತ್ತರಕ್ಕೆ, ವಿಸ್ತಾರವಾದ ಬಯಲಿನಲ್ಲಿ, 1862ರ ಹೊತ್ತಿಗೆ ಗ್ಯಾರೆಟರು ಮನೆಯ ಕೆಲಸಕ್ಕೆ ಕೈಹಾಕಿದರು. ಹನ್ನೊಂದು ವರ್ಷದಲ್ಲಿ, 1873ರಲ್ಲಿ, ಅದು ಕೈಬದಲಾಯಿತು.

ಹತ್ತು ವರ್ಷದ ಮನೆಯೊಡೆಯ

1868ರ ಮಾರ್ಚಿಯಲ್ಲಿ ಮುಮ್ಮಡಿಯವರು ತೀರಿಕೊಂಡಾಗ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಐದು ವರ್ಷ. ಪ್ರಾಯಕ್ಕೆ ಬಂದ ಬಳಿಕ ರಾಜ್ಯವನ್ನು ಅವರಿಗೆ ಮರಳಿಸುವುದೆಂದು ಇಂಗ್ಲಿಷ್ ಸರಕಾರ ಒಪ್ಪಿತ್ತು. ಅಲ್ಲಿಯ ತನಕ ಬಾಲರಾಜರ ವಿದ್ಯಾಭ್ಯಾಸ, ಪೋಷಣೆ ಎಲ್ಲ ಇಂಗ್ಲಿಷ್ ಪೋಷಕರ ಕೈಯಲ್ಲಿ. 1869ರಿಂದ 1877ರ ವರೆಗೆ ಪೋಷಕರಾಗಿದ್ದವರು ಕರ್ನಲ್ ಮ್ಯಾಲೆಸನ್. 1857ರ ದಂಗೆಯ ಇತಿಹಾಸ ಬರೆದವರು. ಆಡಳಿತವೆಲ್ಲ ಬೆಂಗಳೂರಿನಲ್ಲಿ, ಅರಮನೆ ಮೈಸೂರಿನಲ್ಲಿ. ಭಾವೀ ಅರಸರಿಗೆ ಬೆಂಗಳೂರಿನಲ್ಲೊಂದು ನೆಲೆ ಬೇಕಾಯಿತು. ಪೋಷಕರು ಗ್ಯಾರೆಟರ ಮನೆಯನ್ನು ಅರಸರ ಸ್ವಂತ ಹಣದಿಂದ, 40,000 ರೂಪಾಯಿಗೆ ಕೊಂಡರು. ಅರಸರಿಗೆ ಆಗ ಹತ್ತು ವರ್ಷ.

ಇಲ್ಲಿ ಒಂದು ಮಾತು. ಚಾಮರಾಜ ಒಡೆಯರು ಇಂಗ್ಲೆಂಡಿನ ವಿಂಡ್ಸರ್ ಕೋಟೆಯನ್ನು ಕಂಡು ಮನಸೋತು ಅದರಂತೆಯೇ ಬೆಂಗಳೂರಿನಲ್ಲಿ ಅರಮನೆ ಕಟ್ಟಿಸಿದರೆಂದು ಬೆಂಗಳೂರಿನಲ್ಲಿ ಬಹಳ ಜನ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಈ ಕಥೆ ಕೂಡುವುದಿಲ್ಲ. 1863ರಲ್ಲಿ ಹುಟ್ಟಿದ ಹುಡುಗ 1873ರಲ್ಲಿ ಮನೆ ಆರಿಸುವುದೆಲ್ಲಿ, ಕೋಟೆಗೆ ಮನಸೋಲುವುದೆಲ್ಲಿ? ಮನೆ ಆರಿಸಿದವರು, ಹಣ ತೆತ್ತವರು, ನಕ್ಷೆಗೆ ಒಪ್ಪಿಗೆ ಕೊಟ್ಟವರು ಹಿರಿಯರಾದ ಇಂಗ್ಲಿಷರು. ಅವರು ತಮ್ಮ ಊರಿನಲ್ಲಿ ದೊಡ್ಡಮನೆಯೆಂದರೆ ಹೇಗಿರಬೇಕೆಂದು ತಿಳಿದಿದ್ದರೋ ಹಾಗೆಯೇ ಇಲ್ಲಿಯೂ ಮಾಡಿದರು. 1874ರಲ್ಲಿ ಮನೆಯನ್ನು ಹಿಗ್ಗಿಸುವ ಕೆಲಸ ಆರಂಭವಾಗಿ 1878ರ ವೇಳೆಗೆ ಮುಗಿಯಿತು. ತೋಟದ ಹೊಣೆ ಲಾಲ್‌ಬಾಗಿನ ಜಾನ್ ಕ್ಯಾಮರೂನರಿಗೆ ಬಂತು. 1881ರ ಮಾರ್ಚಿ 25ರಂದು ರಾಜ್ಯ ಅರಸರ ಕೈಗೆ ಮರಳುವಾಗ ಈ ಮನೆ ಸಿದ್ಧವಾಗಿ ನಿಂತಿತ್ತು.

ಹೊರಗೆ ಟ್ಯೂಡರ್, ಒಳಗೆ ಅಂಗಳ

ಅರಮನೆಯ ಶೈಲಿಯನ್ನು ಬಲ್ಲವರು ‘ಟ್ಯೂಡರ್’ ಎನ್ನುತ್ತಾರೆ. 1485ರಿಂದ 1603ರ ತನಕ ಇಂಗ್ಲೆಂಡನ್ನು ಆಳಿದ ವಂಶದ ಹೆಸರದು. ಕೋಟೆಯ ಕಾಲ ಮುಗಿದು ಮನೆಯ ಕಾಲ ಬರುತ್ತಿದ್ದ ಸಂಧಿಯಲ್ಲಿ ಅಲ್ಲಿಯ ಧನಿಕರು ಮನೆ ಕಟ್ಟುವಾಗ ಕೋಟೆಯ ಠೀವಿಯನ್ನು ಪೂರ್ತಿ ಬಿಡಲಿಲ್ಲ. ಕಾದಾಟಕ್ಕೆ ಬೇಡವಾದ ಬುರುಜು, ಬಾಣ ಬಿಡಲು ಬೇಡವಾದ ತೆನೆಗೋಡೆ ಇವೆಲ್ಲ ಅಲಂಕಾರಕ್ಕೆಂದು ಉಳಿದವು. ಮುನ್ನೂರು ವರ್ಷಗಳ ಬಳಿಕ ವಿಕ್ಟೋರಿಯ ರಾಣಿಯ ಕಾಲದಲ್ಲಿ ಇಂಗ್ಲಿಷರಿಗೆ ಆ ಹಳೆಯ ರೀತಿಯ ಮೇಲೆ ಮತ್ತೆ ಮೋಹ ಹುಟ್ಟಿತು. ಆ ಮೋಹದ ಅಲೆಯೇ ಬೆಂಗಳೂರನ್ನೂ ಮುಟ್ಟಿತು. ನಮ್ಮಲ್ಲಿ ಈಗ ಕಾಂಕ್ರೀಟಿನ ಮನೆಗೆ ಗುತ್ತುಮನೆಯ ಮುಖಮಂಟಪ ಇಡುವವರಿಲ್ಲವೇ? ಅದೇ ಬಗೆಯ ಚಪಲ.

ಹೊರಗಿನಿಂದ ನೋಡುವವರಿಗೆ ಕಾಣುವುದು ಬೂದುಬಣ್ಣದ ಗೋಡೆ, ಅಲ್ಲಲ್ಲಿ ಎದ್ದ ಬುರುಜುಗಳು, ಅವುಗಳ ನೆತ್ತಿಯಲ್ಲಿ ಹಲ್ಲುಹಲ್ಲಾದ ತೆನೆ, ಕಲ್ಲಿನ ಕಮಾನಿನ ಬಾಗಿಲು, ಗೋಡೆಗೆ ಹಬ್ಬಿದ ಬಳ್ಳಿ. ಮನೆಯ ವಿಸ್ತೀರ್ಣ ಸುಮಾರು 45,000 ಚದರಡಿ. ಸುತ್ತಿನ ಆವರಣ 450 ಎಕರೆಗೂ ಮಿಕ್ಕಿದ್ದು. ಮೈಸೂರಿನ ಅರಮನೆಯ ಚಿನ್ನದ ಗುಮ್ಮಟವನ್ನು ಕಂಡು ಬಂದವರಿಗೆ ಇದು ಅರಮನೆಯೆಂದೇ ಅನ್ನಿಸದು. ಅದು ಊರಿಗೆಲ್ಲ ಕಾಣಲೆಂದು ಕಟ್ಟಿದ್ದು; ಇದು ಮರಗಳ ಹಿಂದೆ ತನ್ನಷ್ಟಕ್ಕೆ ನಿಂತದ್ದು. 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋದಾಗ ಅಲ್ಲಿ ಹೊಸದನ್ನು ಕಟ್ಟಲು ಕರೆಸಿದ ಹೆನ್ರಿ ಇರ್ವಿನ್ ಪರದೇಶದವನಾಗಿದ್ದೂ ನಮ್ಮ ನಾಡಿನ ಕಮಾನು, ಗುಮ್ಮಟಗಳನ್ನು ಹುಡುಕಿ ತಂದ. ಬೆಂಗಳೂರಿನಲ್ಲಿ ಕನ್ನಡದ ಅರಸರು ಇಂಗ್ಲಿಷ್ ಮನೆಯಲ್ಲಿ ವಾಸವಿದ್ದರು. ಕಾಲ ಎಂತೆಂಥ ಕೊಡುಕೊಳೆ ಮಾಡುತ್ತದೆ ನೋಡಿ.

ಒಳಗೆ ಹೋದರೆ ಕಥೆ ಬೇರೆ. ಕೆತ್ತನೆಯ ಮರದ ಮೆಟ್ಟಲು ಹತ್ತಿ ಉಪ್ಪರಿಗೆಗೆ ಬಂದರೆ ದರ್ಬಾರ್ ಹಾಲ್. ಒಂದು ಪಕ್ಕದ ಗೋಡೆಯುದ್ದಕ್ಕೂ ಚೂಪುಕಮಾನಿನ ಕಿಟಕಿಗಳು, ಅವುಗಳಲ್ಲಿ ಬಣ್ಣದ ಗಾಜು. ಇಂಗ್ಲೆಂಡಿನಲ್ಲಿ ಇಂಥ ಕಿಟಕಿಯನ್ನು ಇಗರ್ಜಿಯಲ್ಲಿ ಕಾಣಬೇಕು. ಇಲ್ಲಿ ಅದರ ಬೆಳಕು ಬಿದ್ದದ್ದು ಅರಸರ ಓಲಗದ ಮೇಲೆ. ಹಾಲಿನ ಒಂದು ಕಡೆ ತೆರೆಕಟ್ಟು. ರಾಣಿವಾಸದವರು ಅದರ ಮರೆಯಲ್ಲಿ ಕೂತು ಸಭೆ ನೋಡುತ್ತಿದ್ದರು. ಯಾವ ಟ್ಯೂಡರ್ ಮನೆಯಲ್ಲೂ ಇರಬೇಕಾಗಿಲ್ಲದ ಈ ಮರೆ ಅರಸು ಮನೆತನದ ಬದುಕು ಕೇಳಿ ಮಾಡಿಸಿಕೊಂಡದ್ದು. ಇಂಗ್ಲಿಷನಿಗೆ ಮನೆಯ ಹಾಲು ಗಂಡಸರೂ ಹೆಂಗಸರೂ ಒಟ್ಟಿಗೆ ಕೂರುವ ಜಾಗ. ನಮ್ಮ ಅರಸರಿಗೆ ಅದೇ ಹಾಲು ಸಿಂಹಾಸನದ ಜಾಗ. ಗೋಡೆ ಅದೇ, ಕಿಟಕಿ ಅದೇ. ಕೋಣೆಯ ಅರ್ಥ ಮಾತ್ರ ಬೇರೆಯಾಯಿತು.

ಕೆಳಗಿಳಿದರೆ ಮನೆಯ ನಡುವೆ ತೆರೆದ ಅಂಗಳ. ಅದರ ಸುತ್ತ ಕಲ್ಲಿನ ಆಸನಗಳು, ಅವಕ್ಕೆ ಹೊಳೆಯುವ ನೀಲಿ ಬಿಲ್ಲೆಗಳ ಹೊದಿಕೆ. ಬಿಲ್ಲೆಯ ನಾಜೂಕು ವಿದೇಶೀಯದ್ದಿರಬಹುದು. ಆದರೆ ಮೇಲಿನಿಂದ ಬೆಳಕು ಸುರಿಯುವ ಒಳಾಂಗಣ, ಅದರ ಅಂಚಿನಲ್ಲಿ ಕೂರುವ ಕಟ್ಟೆ ಇವು ತೊಟ್ಟಿಮನೆಯಲ್ಲಿ ಹುಟ್ಟಿದವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹೊರಗಿನ ಬುರುಜುಗಳ ಬಿಂಕವನ್ನೆಲ್ಲ ಮರೆತು ಪ್ರವಾಸಿಗರು ತುಸು ಕೂತು ದಣಿವಾರಿಸಿಕೊಳ್ಳಲು ಮನಸ್ಸಾಗುವ ಜಾಗವೂ ಅದೇ. ಗೋಡೆಗಳಲ್ಲಿ ಯುರೋಪಿನ ಚಿತ್ರಗಳ ಜೊತೆಗೆ ರವಿವರ್ಮನ ಚಿತ್ರಗಳಿವೆ. ಎಲ್ಲವೂ ಒಂದೇ ಕೈಯ ರುಚಿಯಲ್ಲ. ಮೂರು ನಾಲ್ಕು ತಲೆಮಾರು ಬಾಳಿದ ಮನೆಯಲ್ಲಿ ಸಾಮಾನು ಹೇಗೆ ಒಟ್ಟಾಗುತ್ತದೋ ಹಾಗೆ ಒಟ್ಟಾಗಿದೆ. ಅದೇ ಅದನ್ನು ಮನೆಯಾಗಿಸಿದ್ದು.

ಅದೇ ವರ್ಷ, ನೀಲಗಿರಿಯಲ್ಲಿ

1873ರಲ್ಲೇ ಮೈಸೂರು ಮನೆತನಕ್ಕೆ ಇನ್ನೊಂದು ಇಂಗ್ಲಿಷ್ ಮನೆಯೂ ಬಂತೆಂಬುದು ಗಮನಿಸಬೇಕಾದ ಸಂಗತಿ. ಊಟಿಯ ಫರ್ನ್‌ಹಿಲ್ ಎಂಬ ಬಂಗಲೆಯನ್ನು 1844ರಲ್ಲಿ ಕ್ಯಾಪ್ಟನ್ ಕಾಟನ್ ಎಂಬವನು ಕಟ್ಟಿಸಿದ್ದ. ಹಲವು ಕೈ ದಾಟಿ, 10,000 ರೂಪಾಯಿಗೆ ಅದು ಮೈಸೂರು ಅರಸರದ್ದಾಯಿತು. ಬೇಸಗೆಯ ವಾಸಕ್ಕೆಂದು ಅದನ್ನೂ ಬೆಳೆಸಿದರು. ಅಲ್ಲಿ ಕೋಟೆಯ ಠೀವಿಯಿಲ್ಲ. ಇಳಿಜಾರು ಮಾಡು, ಮಾಡಿನ ಅಂಚಿಗೆ ಕೆತ್ತನೆಯ ಮರದ ಪಟ್ಟಿ, ಸ್ವಿಟ್ಜರ್ಲೆಂಡಿನ ಬೆಟ್ಟದ ಮನೆಗಳನ್ನು ನೆನಪಿಸುವ ರೀತಿ. ನೀಲಗಿರಿಯ ಸಣ್ಣ ರೈಲಿನಲ್ಲಿ ಹೋದವರು ಊಟಿಗೆ ಮುಂಚೆ ಫರ್ನ್‌ಹಿಲ್ ಎಂಬ ಪುಟ್ಟ ನಿಲ್ದಾಣದ ಹೆಸರನ್ನು ಓದಿರಬಹುದು.

ಒಂದೇ ಮನೆತನ ಒಂದೇ ವರ್ಷ ಪಡೆದ ಎರಡು ಮನೆಗಳ ಮುಂದಿನ ಗತಿ ಬೇರೆಬೇರೆ. ಫರ್ನ್‌ಹಿಲ್ ಕಾಲಾನಂತರ ಹೋಟೆಲಾಯಿತು. ಬೆಂಗಳೂರಿನದ್ದು ವ್ಯಾಜ್ಯದ ಮನೆಯಾಯಿತು.

ಮನೆಯೋ, ಜಮೀನೋ?

ಸ್ವಾತಂತ್ರ್ಯಾನಂತರ ಸಂಸ್ಥಾನ ವಿಲೀನವಾದಾಗ ಬೆಂಗಳೂರು ಅರಮನೆಯನ್ನು ಅರಸರ ಖಾಸಗಿ ಸ್ವತ್ತುಗಳ ಪಟ್ಟಿಯಲ್ಲಿ ಒಪ್ಪಿಕೊಳ್ಳಲಾಗಿತ್ತು. ಪಾದ್ರಿಯಿಂದ ಸ್ವಂತ ಹಣ ಕೊಟ್ಟು ಕೊಂಡ ಮನೆಯೆಂಬ ಹಳೆಯ ಸಂಗತಿಗೆ ಇಲ್ಲಿ ಬೆಲೆ ಬಂತು. 1971ರಲ್ಲಿ ಸಂವಿಧಾನ ತಿದ್ದುಪಡಿಯಿಂದ ರಾಜಧನ ನಿಂತಿತು. 1974ರಲ್ಲಿ ಜಯಚಾಮರಾಜೇಂದ್ರ ಒಡೆಯರು ತೀರಿಕೊಂಡರು. ಅಷ್ಟರಲ್ಲಿ ಒಂದು ಕಾಲಕ್ಕೆ ಊರ ಹೊರಗಿದ್ದ ಆ ಬಯಲನ್ನು ಬೆಂಗಳೂರು ಸುತ್ತುವರಿದಿತ್ತು. ಮನೆಯನ್ನು ನೋಡುವವರ ಕಣ್ಣು ಮನೆಯಿಂದ ಜಮೀನಿಗೆ ಹೊರಳಿತು.

1996ರಲ್ಲಿ ಕರ್ನಾಟಕ ಸರಕಾರ ಬೆಂಗಳೂರು ಅರಮನೆ ಸ್ವಾಧೀನ ಮತ್ತು ವರ್ಗಾವಣೆ ಕಾಯ್ದೆಯನ್ನು ಮಾಡಿ, ಅರಮನೆ ಮತ್ತು ಆವರಣವೆಲ್ಲಕ್ಕೂ 11 ಕೋಟಿ ರೂಪಾಯಿ ಪರಿಹಾರ ನಿಗದಿಪಡಿಸಿತು. ಊರಿಗೆ ಬಯಲು ಉಳಿಯಬೇಕು, ಪರಂಪರೆಯ ಕಟ್ಟಡ ಸಾರ್ವಜನಿಕರದ್ದಾಗಬೇಕು ಎಂಬುದು ಸರಕಾರದ ವಾದ. ಕೊಂಡ ಮನೆ, ಬಾಳಿದ ಮನೆ. ಪರಿಹಾರ ಬೆಲೆಗೆ ತಕ್ಕುದಲ್ಲ ಎಂಬುದು ಮನೆತನದ ವಾದ. ಉಚ್ಚ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆತನದವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಮೊಕದ್ದಮೆ ದಶಕಗಟ್ಟಲೆ ನಡೆಯಿತು. ಈ ನಡುವೆ 2005ರಲ್ಲಿ ಮನೆಯ ಒಳಭಾಗವನ್ನು ಟಿಕೇಟು ಇಟ್ಟು ಸಾರ್ವಜನಿಕರಿಗೆ ತೆರೆದರು. ಬಯಲಿನಲ್ಲಿ ಮದುವೆ, ವಸ್ತುಪ್ರದರ್ಶನ, ಸಂಗೀತ ಕಾರ್ಯಕ್ರಮಗಳು ನಡೆದವು. ಅಷ್ಟು ದೊಡ್ಡ ಮನೆಯ ಮಾಡು ಸೋರದಂತೆ ನೋಡಿಕೊಳ್ಳುವ ಖರ್ಚು ಸಣ್ಣದಲ್ಲವೆಂಬುದು ಹಳೆಯ ಮನೆಯಿರುವ ಯಾರಿಗೂ ಅರ್ಥವಾದೀತು.

ಎರಡು ವಾದಗಳಲ್ಲಿ ಯಾವುದು ಸರಿಯೆಂದು ತೀರ್ಪು ಕೊಡುವ ಯೋಗ್ಯತೆ ನಮ್ಮದಲ್ಲ. ಆದರೆ ನೋಡುವವರಿಗೆ ಒಂದು ಮಾತು ಹೊಳೆಯದಿರದು. ಈ ಕಟ್ಟಡ ಒಂದೂವರೆ ಶತಮಾನದಷ್ಟು ಕಾಲ ನಿಂತದ್ದು ಅದರ ಗಾರೆಯ ಬಲದಿಂದ ಮಾತ್ರವಲ್ಲ. ಒಳಗೆ ದೀಪ ಹಚ್ಚುವವರು ಇದ್ದುದರಿಂದ. ಅದೇ ಕಾಲದ ಎಷ್ಟೋ ಬಂಗಲೆಗಳು, ಮರದ ಟೋಪಿ, ಜಾಲರಿ, ತೋಟಗಳ ಸಮೇತ, ಬೆಂಗಳೂರಿನಲ್ಲೇ ನೆಲಸಮವಾಗಿ ಅಂತಸ್ತುಗಳ ಕಟ್ಟಡಗಳಾಗಿವೆ. ಅವು ದುರ್ಬಲವೆಂದು ಬಿದ್ದದ್ದಲ್ಲ. ಮನೆಗಿಂತ ಅಡಿಸ್ಥಳದ ಬೆಲೆ ಹೆಚ್ಚಾದದ್ದರಿಂದ ಬಿದ್ದವು.

ನಮ್ಮ ಊರಿನ ಹಳೆಮನೆಗಳು

ಇಷ್ಟು ದೂರದ ಅರಮನೆಯ ಕಥೆ ನಮಗೇಕೆಂದು ಯಾರಾದರೂ ಕೇಳಿಯಾರು. ನಮ್ಮ ಜಿಲ್ಲೆಯಲ್ಲೂ ಹಳೆಯ ಮನೆಗಳಿಗೆ ಕೊರತೆಯಿಲ್ಲ. ಗುತ್ತಿನ ಮನೆಗಳು, ತರವಾಡುಗಳು, ಅಗ್ರಹಾರದ ಸಾಲುಮನೆಗಳು, ಮದರಾಸು ಸರಕಾರದ ಕಾಲದ ಬಂಗಲೆಗಳು ಇವೆ. ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫಿನಲ್ಲಿ. ಮನೆಯಲ್ಲಿ ಇಬ್ಬರು ಮುದುಕರು. ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತದೆ. ಕೆಡವಿ ತಾರಸಿ ಹಾಕೋಣವೆಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಕೆಡವುವುದೇ ತಪ್ಪೆಂದು ಹೇಳಲಾಗದು. ಬಾಳುವವರ ಕಷ್ಟ ಬಾಳುವವರಿಗೇ ಗೊತ್ತು. ಆದರೆ ಕೆಡವುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಮುರಕಲ್ಲಿನ, ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಲ್ಲಿ ಹೊರಗೆ ಬಿಡುತ್ತದೆ. ಅದಕ್ಕೆ ಸಿಮೆಂಟಿನ ಸಾರಣೆ ಕೊಟ್ಟರೆ ತೇವ ಒಳಗೇ ಸಿಕ್ಕಿಬಿದ್ದು ಗೋಡೆ ಹಾಳಾಗುತ್ತದೆ. ಎಷ್ಟೋ ಮನೆಗಳು ರಿಪೇರಿ ಮಾಡಿಸಿದ ಬಳಿಕವೇ ಕೆಟ್ಟದ್ದು ಈ ಕಾರಣದಿಂದ. ಸುಣ್ಣಕ್ಕೆ ಸುಣ್ಣವನ್ನೇ ಕೊಡಬೇಕು. ಹಂಚಿನ ಮಾಡು ಸೋರಿದರೆ ದೋಷ ಹೆಚ್ಚಾಗಿ ಒಡೆದ ಹಂಚಿನದ್ದು, ಸರಿದ ಮೂಲೆಹಂಚಿನದ್ದು, ಇಲ್ಲವೆ ಗೆದ್ದಲು ಹಿಡಿದ ರೀಪಿನದ್ದು. ಪಕ್ಕಾಸು ಗಟ್ಟಿಯಿದ್ದರೆ ಬೇಸಗೆಯಲ್ಲಿ ಹಂಚಿಳಿಸಿ, ಉಜ್ಜಿ ತೊಳೆದು, ರೀಪು ಬದಲಿಸಿ ಮತ್ತೆ ಹೊದಿಸಿದರೆ ಮಾಡು ಬಹುಕಾಲ ಬಾಳುತ್ತದೆ. ಮೇಲೆ ಬಾಗಿದ ಮರದ ಗೆಲ್ಲು ಕಡಿಸುವುದು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ತೆಗೆಸುವುದು ಇವು ಅಗ್ಗದ ಕೆಲಸಗಳು. ಆದರೆ ಮನೆಯನ್ನು ಉಳಿಸುವ ಕೆಲಸಗಳು. ಇದಕ್ಕೆಲ್ಲ ಕೈಹಾಕುವ ಹಳೆಯ ಆಚಾರಿಗಳು, ಗಾರೆಯವರು ಕಡಮೆಯಾಗುತ್ತಿದ್ದಾರೆ ಎಂಬುದು ನಿಜ. ಇರುವವರನ್ನು ಇರುವಾಗಲೇ ಕೇಳಿಕೊಳ್ಳಬೇಕು.

ಇನ್ನು ಅನುಕೂಲದ ಮಾತು. ಹಳೆಯ ಮನೆಯೆಂದರೆ ಮುಟ್ಟಬಾರದ ವಸ್ತುವಲ್ಲ. ಗ್ಯಾರೆಟರ ಮನೆಯನ್ನು ಅರಸರ ಪೋಷಕರು ಇದ್ದಂತೆಯೇ ಬಿಡಲಿಲ್ಲ. ನಾಲ್ಕು ವರ್ಷ ಕೆಲಸ ಮಾಡಿಸಿ ಹಿಗ್ಗಿಸಿದರು. ತೆರೆಕಟ್ಟು ಬೇಕಾದಲ್ಲಿ ತೆರೆಕಟ್ಟು ಬಂತು, ಓಲಗ ಬೇಕಾದಲ್ಲಿ ಓಲಗದ ಹಾಲು ಬಂತು. ಬಂಗಲೆ ಕೊಂಡ ಸಾಮಾನ್ಯ ಸಂಸಾರಗಳಿಗೂ ಇದೇ ದಾರಿ. ಹಿತ್ತಲಲ್ಲಿ ದೂರವಿದ್ದ ಅಡುಗೆಯನ್ನು ಮನೆಯೊಳಗೆ ತರಬೇಕಾಗುತ್ತದೆ, ಮೂಡಣ ಬೆಳಕಿನ ಒಂದು ಕೋಣೆ ದೇವರಿಗಾಗುತ್ತದೆ, ಹೂತೋಟದ ನಡುವೆ ತುಳಸಿ ಏಳುತ್ತದೆ. ಅಗ್ಗಿಷ್ಟಿಕೆಯ ಗೂಡಿನಲ್ಲಿ ಪುಸ್ತಕಗಳನ್ನು ಇಟ್ಟರೂ ಯಾರೇನೂ ತಪ್ಪು ತಿಳಿಯಬೇಕಾಗಿಲ್ಲ. ಹಾಗೆಯೇ ನಮ್ಮ ಹಿರಿಯರ ಮನೆಯಲ್ಲೂ ಮುದುಕರಿಗೆ ಅನುಕೂಲವಾದ ಬಚ್ಚಲು, ಬೆಳಕಿರುವ ಅಡುಗೆಮನೆ, ಓದುವ ಮಕ್ಕಳಿಗೊಂದು ಕೋಣೆ ಮಾಡಿಕೊಳ್ಳಲು ಚಾವಡಿಯನ್ನು ಕೆಡವಬೇಕಾಗಿಲ್ಲ. ಮನೆಯ ಎಲುಬನ್ನು ಬಿಟ್ಟು ಉಳಿದದ್ದನ್ನು ಬದುಕಿಗೆ ಹೊಂದಿಸಿಕೊಳ್ಳುವುದೇ ಜಾಣತನ.

ಬೆಂಗಳೂರಿನ ಆ ಬೂದುಗೋಡೆಗಳನ್ನು ಎಬ್ಬಿಸಿದವರು ಬೇರೆ ನುಡಿಯವರು. ಒಳಗೆ ಹುಟ್ಟಿದ್ದು, ಹಸೆ ಏರಿದ್ದು, ಹಬ್ಬ ಮಾಡಿದ್ದು ಕನ್ನಡದ ಮನೆತನ. ಗೋಡೆಯನ್ನು ಎಬ್ಬಿಸಿದವರು ಯಾರೆಂದು ದಾಖಲೆ ಹೇಳುತ್ತದೆ. ಮನೆ ಯಾರದೆಂದು ಒಳಗೆ ಆಡುವ ಮಾತು, ಉರಿಯುವ ಒಲೆ ಹೇಳುತ್ತವೆ. ಇದು ಅರಮನೆಗೂ ನಿಜ, ಹಂಚಿನ ಮನೆಗೂ ನಿಜ.

ಮಂಚಾಲೆಯ ಬಾಗಿಲಲ್ಲಿ ಮನ್ರೋ ಬೂಟು ಕಳಚಿದ್ದು, ಒಳಗೆ ಬಾಳುವವರ ರೀತಿ ತನ್ನದಕ್ಕಿಂತ ಬೇರೆಯೆಂದು ಅರಿತುಕೊಂಡದ್ದರಿಂದ. ಹಿರಿಯರು ಕಟ್ಟಿದ ಮನೆಯ ಎದುರು ಗುದ್ದಲಿ ಹಿಡಿದು ನಿಲ್ಲುವ ಮೊಮ್ಮಕ್ಕಳೂ ಒಂದು ಗಳಿಗೆ ಹಾಗೆ ಹೊಸ್ತಿಲಲ್ಲಿ ನಿಂತು, ಮಾಡನ್ನೊಮ್ಮೆ, ಗೋಡೆಯನ್ನೊಮ್ಮೆ, ಅಂಗಳವನ್ನೊಮ್ಮೆ ನೋಡಿ ಒಳಗೆ ಹೋಗುವುದು ಒಳಿತು. ಆಮೇಲೆ ಬೇಕಾದರೆ ಗುದ್ದಲಿಯ ಮಾತು.